ಧಣಿಗಳ ಕಿರ್ರೆನ್ನುವ ಸೊಂಟ

ನಾನು ಫಿಸಿಯೋಥೆರಪಿಸ್ಟ್. ಬಂಟ್ವಾಳದ ಒಂದು ಹೋಟೆಲಿನ ಧಣಿಗಳಿಗೆ ವ್ಯಾಯಾಮ ಮಾಡಿಸಲು ಹೋಗುತ್ತಿದ್ದೆ. ಅವರ ಸೊಂಟಕ್ಕೆ ಹಾಕಿದ್ದ ಕೃತಕ ಕೀಲು ಸವೆದು, ಹೆಜ್ಜೆ ಇಟ್ಟಾಗಲೆಲ್ಲ ಹಳೇ ಬಾಗಿಲಿನ ಹಾಗೆ ಕಿರ್ರೆನ್ನುತ್ತಿತ್ತು.

“ಸದ್ದು ಇರಲಿ ಡಾಕ್ಟ್ರೇ,” ಅಂದರು ಧಣಿಗಳು. “ಈಗ ನಮ್ಮ ಕೆಲಸದವರಿಗೆ ಎಂಥ ಬುದ್ಧಿ ಬಂದಿದೆ ಗೊತ್ತುಂಟಾ? ನಾನು ಯಾವಾಗ ಅಡುಗೆಮನೆಗೆ ಹೋದರೂ ಒಬ್ಬನೂ ಕೂತಿರುವುದಿಲ್ಲ. ಇಂಥವರನ್ನು ಇಷ್ಟು ವರ್ಷ ಸುಮ್ಮನೆ ಬೈದೆನಲ್ಲ.”

ಹೊರಡುವಾಗ ಅಡುಗೆಯ ಭಟ್ರು ನನ್ನ ಕೈಗೆ ಬಿಸಿ ಬನ್ಸಿನ ಪೊಟ್ಟಣ ಕೊಟ್ಟು ಮೆಲ್ಲಗೆ ಕೇಳಿದರು: “ಅದನ್ನು ರಿಪೇರಿ ಮಾಡಲೇಬೇಕು ಅಂತ ಉಂಟಾ?”

ಮಾಡಲೇಬೇಕಿತ್ತು. ಬಿಟ್ಟರೆ ಒಳಗೇ ಒಡೆದುಹೋಗುವ ಅಪಾಯವಿತ್ತು. ಮತ್ತೆ ಆಪರೇಷನ್ ಆಯಿತು, ಹೊಸ ಕೀಲು ಬಂತು. ಧಣಿಗಳು ಬೆಕ್ಕಿನ ಹಾಗೆ ನಡೆಯತೊಡಗಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಅವರು ಹೋಟೆಲಿಗೆ ಹೋದ ಮೊದಲ ದಿನವೇ ಫೋನು ಬಂತು. “ಡಾಕ್ಟ್ರೇ, ಭಟ್ರು ಅಕ್ಕಿ ಮೂಟೆಯ ಮೇಲೆ ಗೊರಕೆ ಹೊಡೀತಾ ಇದ್ದಾರೆ. ಉಳಿದವರು ಮೊಬೈಲಿನಲ್ಲಿ ಕ್ರಿಕೆಟ್ ನೋಡ್ತಾ ಇದ್ದಾರೆ. ನನಗೆ ಬಿಪಿ ಏರಿದೆ.” ಆಮೇಲೆ ಕೇಳಿದರು: “ಆ ಹಳೇದು ಆಸ್ಪತ್ರೆಯಲ್ಲಿ ಇನ್ನೂ ಉಂಟಾ ಮಾರಾಯ್ರೆ?”

ಅಂದಿನಿಂದ ಆ ಹೋಟೆಲಿನಲ್ಲಿ ನನಗೆ ಬಿಸಿ ಬನ್ಸ್ ಸಿಕ್ಕಿಲ್ಲ.