ಸೆರಗಿನಲ್ಲಿ ಒರೆಸಿಹೋದ ಪ್ರಶ್ನೆ

ರಾಮನಗರದ ಈ ಓಣಿಯಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಾಣಲೆಯ ಕುದಿನೀರಿನಲ್ಲಿ ರೇಷ್ಮೆಗೂಡುಗಳು ಉರುಳಾಡುತ್ತಿವೆ. ಗುಲ್ಜಾರ್ ಬೀ ಎಳೆ ಹಿಡಿದು ಚರಕಕ್ಕೆ ಕೊಡುತ್ತಾರೆ. ಮೊದಲೆಲ್ಲ ಬಾಣಲೆಯ ಪಕ್ಕದಲ್ಲೇ ಇರುತ್ತಿದ್ದ ಮೊಬೈಲು ಈಗ ದೂರದ ಕಿಟಕಿಯ ಮೇಲಿದೆ.

ಆ ಮೊಬೈಲಿನಲ್ಲಿ ಅವರ ಇನ್ನೊಂದು ಕೆಲಸವಿದೆ. ಸುತ್ತಲಿನ ತಾಲ್ಲೂಕುಗಳ ರೇಷ್ಮೆ ಸಾಕುವವರು ಪ್ರಶ್ನೆ ಕೇಳುವ ‘ಗೂಡುಕಟ್ಟೆ’ ಎಂಬ ಆನ್‌ಲೈನ್ ವೇದಿಕೆಗೆ ಅವರೇ ಕಾವಲು. ಜಗಳ, ಜಾಹೀರಾತು ಅಳಿಸಬೇಕು, ಪ್ರಶ್ನೆಯನ್ನು ಬಲ್ಲವರಿಗೆ ಮುಟ್ಟಿಸಬೇಕು. ಸಂಬಳವಿಲ್ಲ.

“ಹುಳ ಸಾಕೋದು ನಂಗೊತ್ತಿಲ್ಲ ಕಣಮ್ಮ. ಯಾರಿಗ್ ಗೊತ್ತು ಅನ್ನೋದು ಗೊತ್ತು, ಅಷ್ಟೇಯ,” ಎನ್ನುತ್ತಾರೆ ನನಗೆ.

ಮೊದಲು ಕಟ್ಟೆಯಲ್ಲಿ ಬರೀ ಅಕ್ಷರಗಳಿದ್ದವು. ಟೈಪು ಮಾಡಲು ಬಾರದವರು ಒಳಗೆ ಕಾಲಿಡುತ್ತಿರಲಿಲ್ಲ, ಹಳಬರಿಗೆ ಮಾತ್ರ ಅದು ಮನೆಯ ಜಗಲಿ. ಕಳೆದ ವರ್ಷ ವೇದಿಕೆ ನಡೆಸುವವರು ಅದರ ರೂಪ ಬದಲಿಸಿದರು. ಫೋಟೊ ಹಾಕಬಹುದು, ಮೈಕ್ ಒತ್ತಿ ಮಾತಾಡಬಹುದು. ಹೊಸಬರು ಧೈರ್ಯವಾಗಿ ಬಂದರು. ಹಳಬರು ರೇಗಿದರು. ಹೊಂಗನೂರಿನ ಮುನಿಶಾಮಯ್ಯ ಫೋನು ಮಾಡಿಯೇ ಕೇಳಿದರಂತೆ: “ಏನ್ ಗುಲ್ಜಾರಮ್ಮ, ಕಟ್ಟೇನ ಟಾಕೀಸು ಮಾಡ್ಬುಟ್ರಲ್ಲ! ನಾನ್ ಬರ್ದಿದ್ದು ಯಾವ್ ಮೂಲೇಲೈತೆ?”

ಹೊಸ ರೂಪದಲ್ಲಿ ಕಾವಲಿನವರ ಬೆರಳು ಎಡಕ್ಕೆ ಜಾರಿದರೆ ಸಾಕು, ಪ್ರಶ್ನೆ ಅಳಿಸಿಹೋಗುತ್ತದೆ. ‘ಅಳಿಸಲೇ?’ ಎಂದು ಅದು ಕೇಳುವುದಿಲ್ಲ.

ಕೈಲಾಂಚದ ರಮ್ಯಾ ಮೊದಲ ಸಲ ಹುಳು ಸಾಕಿದ್ದಳು. ಹುಳುಗಳು ಉಬ್ಬಿಕೊಂಡು ತಟ್ಟೆಯ ಅಂಚಿಗೆ ಹರಿಯುತ್ತಿದ್ದವು. ಫೋಟೊ ಹಾಕಿ, ಏನು ಮಾಡಲಿ ಎಂದು ಕೇಳಿದಳು. ಅದು ಬಂದ ಹೊತ್ತಿಗೆ ಗುಲ್ಜಾರ್ ಬೀ ಮೊಬೈಲಿನ ಮೇಲೆ ಕೂತ ಹಬೆಯನ್ನು, ದಿನಾ ಮಾಡುವಂತೆ, ಸೆರಗಿನಿಂದ ಒರೆಸಿದರು. ಹಬೆಯ ಜೊತೆ ಪ್ರಶ್ನೆಯೂ ಹೋಯಿತು. ಇವರಿಗೆ ತಿಳಿಯಲೇ ಇಲ್ಲ. ‘ನಿಮ್ಮ ಪ್ರಶ್ನೆಯನ್ನು ಗುಲ್ಜಾರ್ ಬೀ ತೆಗೆದುಹಾಕಿದ್ದಾರೆ’ ಎಂಬ ಸಾಲು ರಮ್ಯಾಳಿಗೆ ಮುಟ್ಟಿತು. ಅವಳು ಮತ್ತೆ ಯಾರನ್ನೂ ಕೇಳಲಿಲ್ಲ. ರೋಗದ ಹುಳುಗಳನ್ನಷ್ಟೇ ಆರಿಸಿ ತೆಗೆದರೆ ಸಾಕೆಂದು ಗೊತ್ತಿಲ್ಲದೆ, ಮನೆ ತುಂಬ ಇದ್ದ ಹುಳುಗಳನ್ನೆಲ್ಲ ಗುಂಡಿಗೆ ಸುರಿದಳು.

ಗೂಡು ಮಾರಲು ಬಂದ ಅದೇ ಊರಿನ ದೇವರಾಜು ಹಂಗಿಸಿದಾಗಲೇ ಸಂಗತಿ ಗೊತ್ತಾದದ್ದು: “ಹೊಸಬ್ರು ಬಾಯ್ಬುಟ್ರೆ ಓಡಿಸ್ತೀರಂತೆ?” ಗುಲ್ಜಾರ್ ಬೀ ಆವತ್ತೇ ಕೈಲಾಂಚದ ಬಸ್ಸು ಹತ್ತಿದರು.

“ಆ ಹುಡ್ಗಿ ಬೈದಿದ್ರೆ ತಡ್ಕಬೋದಿತ್ತು. ‘ಕೇಳ್ಬಾರದ್ನ ಕೇಳ್ಬುಟ್ನೇನೋ ಅನ್ಕಂಡು ಸುಮ್ಕಾದೆ ಅಮ್ಮ’ ಅಂತ ಕಾಪಿ ಕೊಟ್ಲು. ಲೋಟ ಎತ್ತಕ್ಕೆ ಕೈಯೇ ಬರ್ನಿಲ್ಲ. ಯಾ ಅಲ್ಲಾ, ತೆಗ್ದಾಕವ್ರೆ ಅನ್ನೋ ಆ ಸಾಲು ನನ್ನ ಹೆಸರ್ನಲ್ಲೇ ಹೋಗಿತ್ತಲ್ಲ.”

ಅಳಿಸಿದ್ದು ತಾನೇ ಎಂದು ಅವರು ಕಟ್ಟೆಯಲ್ಲಿ ಎಲ್ಲರೆದುರು ಹೇಳಿಕೊಂಡಿದ್ದಾರೆ. ಇದೇ ಸಮಯ, ಹಳೇ ರೂಪವನ್ನೇ ಕೇಳೋಣ ಎಂದು ಮುನಿಶಾಮಯ್ಯ ಹುರಿದುಂಬಿಸಿದರು. ಇವರು ಒಪ್ಪಲಿಲ್ಲ.

“ಹಳೇದಾದ್ರೆ ನಂಗೂ ಸಲೀಸು. ಆದ್ರೆ ಆ ಹುಡ್ಗಿ ಬಂದಿದ್ದು ಈ ಬಾಗ್ಲಿಂದ ಅಲ್ವಾ? ನನ್ ತಪ್ಪು ಮುಚ್ಕಳಕ್ಕೆ ಅವಳ ಬಾಗ್ಲು ಮುಚ್ಲಾ?”

ಅಳಿಸುವ ಮುಂಚೆ ಒಂದು ಮಾತು ಕೇಳುವ ಹಾಗೆ ಮಾಡಿ ಎಂದಷ್ಟೇ ನಡೆಸುವವರಿಗೆ ಹೇಳಿ ಕಳಿಸಿದ್ದಾರೆ. ಉತ್ತರ ಬಂದಿಲ್ಲ. ರಮ್ಯಾ ಮತ್ತೆ ಹುಳು ತಂದಿದ್ದಾಳೆ ಎಂಬ ಸುದ್ದಿಯಿದೆ. ಕಟ್ಟೆಯ ಕಡೆ ಸುಳಿದಿಲ್ಲ.

“ಇನ್ನೊಂದ್ ಸತಿ ಏನಾರ ಕೇಳ್ಲಿ ಕಣಮ್ಮ,” ಎನ್ನುತ್ತಾರೆ ಗುಲ್ಜಾರ್ ಬೀ, ತಲೆ ಎತ್ತದೆ. “ಎಂಥಾ ದಡ್ಡ ಪ್ರಶ್ನೆ ಆದ್ರೂ ಸರಿ.”