ಈರಣ್ಣ ಮಾಮಾ ಹಿಂದೆ ಕುಳಿತು ಬಂದ ಭಾನುವಾರ

ಈರಣ್ಣ ಮಾಮಾ ಬೈಕ್ ಓಡಿಸುವುದನ್ನು ನಾವು ಕೇಳಿದ್ದೆವೇ ಹೊರತು ನೋಡಿರಲಿಲ್ಲ. ನಾಲ್ಕು ಗಾಡಿ ಹೊರಟರೆ ನಾಲ್ಕನೆಯದು ಯಾವಾಗಲೂ ಅವರದು. ನಮ್ಮ ಕನ್ನಡಿಯಲ್ಲಿ ಒಂದು ಹಳದಿ ದೀಪ, ಬೆನ್ನ ಹಿಂದೆ ಒಂದು ಗುಡುಗುಡು ಸದ್ದು, ಅಷ್ಟೇ ಮಾಮಾ. ನೀವು ಮುಂದೆ ಹೋಗಿ ಎಂದು ಎಷ್ಟು ಹೇಳಿದರೂ ಒಂದೇ ಉತ್ತರ: “ಮುಂದ ಹೋಗವ್ರು ಭಾಳ ಮಂದಿ ಅದಾರ. ಬಿದ್ದವ್ರನ್ನ ಎತ್ತಾಕ ಹಿಂದ ಒಬ್ಬ ಇರ್ಬೇಕಲ್ಲ?”

ಹಾಗೆ ಎತ್ತಿಸಿಕೊಂಡವರಲ್ಲಿ ನಾನೇ ಮೊದಲಿಗ. ಕೆರೂರ ದಾಟಿದ ಮೇಲೆ ಒಂದು ತಿರುವಿನಲ್ಲಿ ಕೈಬಿಟ್ಟು ಗಾಡಿ ಓಡಿಸಿ ತೋರಿಸುತ್ತಿದ್ದೆ. ಗಾಡಿ ನನ್ನನ್ನೇ ಕೈಬಿಟ್ಟು ತೋರಿಸಿತು. ಹಿಂದಿನಿಂದ ಬಂದ ಮಾಮಾ ಮೊದಲು ಗಾಡಿಯನ್ನು ಎತ್ತಿ ನಿಲ್ಲಿಸಿದರು, ಪೆಟ್ರೋಲ್ ಸೋರುತ್ತಿದೆಯೇ ಎಂದು ಬಗ್ಗಿ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. “ಗಾಡಿಗೇನೂ ಆಗಿಲ್ಲ. ನಿನಗೇನರ ಆಗೇತೇನಲೇ?”

ಅವರು ಇಳಕಲ್ಲಿನವರು, ಸೀರೆ ಅಂಗಡಿ ಇಟ್ಟವರು, ಐವತ್ತು ದಾಟಿದವರು. ನನ್ನ ಗೆಳೆಯ ಮುತ್ತುವಿನ ಸೋದರಮಾವ. ಹಾಗಾಗಿ ನಮಗೆಲ್ಲ ಮಾಮಾ. ಮುತ್ತು ಕಮತಗಿಯಲ್ಲಿ ಮಾಸ್ತರ. ಎರಡನೆಯವ ಕೆರೂರಿನ ರಫೀಕ್, ಕರೆಂಟಿನ ಕಂಬ ಹತ್ತುವ ಲೈನ್‌ಮನ್. ನಾನು ಬಾಗಲಕೋಟೆಯ ಚಷ್ಮಾ ಅಂಗಡಿಯಲ್ಲಿ ದಿನವಿಡೀ ಮಂದಿಯ ಮೂಗಿಗೆ ಫ್ರೇಮು ಏರಿಸಿ ‘ಭಾಳ ಛಲೋ ಕಾಣ್ತದರಿ’ ಎಂದು ಸುಳ್ಳು ಹೇಳುವವನು. ಸಂಜೆ ಅದೇ ಮಂದಿಯ ನಕಲು ಮಾಡಿ ಗೆಳೆಯರನ್ನು ನಗಿಸುವವನು. ನನ್ನ ನಕಲನ್ನೂ ನಾನೇ ಮಾಡುತ್ತೇನೆ, ಬೇರೆಯವರಿಗೆ ಆ ಅವಕಾಶ ಯಾಕೆ ಕೊಡಬೇಕು?

ಪ್ರತಿ ಚಳಿಗಾಲಕ್ಕೊಮ್ಮೆ ಶನಿವಾರ ಹೊರಟು ಭಾನುವಾರ ತಿರುಗಿ ಬರುವುದು ನಮ್ಮ ರೂಢಿ. ಮಾಮಾ ಅದಕ್ಕೆ ತಯಾರಾಗುವ ರೀತಿ ನೋಡಬೇಕು. ಹೆಲ್ಮೆಟ್ಟಿನ ಒಳಗೆ ಮಂಗನ ಟೋಪಿ. ಅಂಗಿಯ ಒಳಗೆ, ಎದೆಗೆ, ಹಿಂದಿನ ದಿನದ ಪೇಪರು ಮಡಚಿ ಇಟ್ಟುಕೊಳ್ಳುತ್ತಿದ್ದರು, ಗಾಳಿ ಹೊಗುವುದಿಲ್ಲವಂತೆ. ಅವರು ಉಸಿರೆಳೆದರೆ ಪರಪರ ಸದ್ದು ಬರುತ್ತಿತ್ತು. ನಾವು ಮೂವರು ಡೇರೆಯ ಝಿಪ್ಪಿನೊಂದಿಗೆ ಕುಸ್ತಿ ಹಿಡಿದಿರುವಾಗ ಅವರು ಹೆಂಡತಿಯ ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಕೌದಿ ಹಾಸಿ, ಇನ್ನೊಂದು ಹೊದ್ದು, ಆಗಲೇ ಆಕಳಿಸುತ್ತಿದ್ದರು. “ನಿಮ್ಮ ಮನಿ ಕಟ್ಟಿ ಮುಗದ ಮ್ಯಾಲ ಹೇಳ್ರಪಾ, ಗೃಹಪ್ರವೇಶಕ್ಕ ಬರ್ತೇನಿ.”

ಅಂಗಡಿಯಲ್ಲಿ ಅವರು ಬೆಳಗಿನಿಂದ ಸಂಜೆಯತನಕ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಬಂದ ಹೆಣ್ಣುಮಕ್ಕಳ ಮುಂದೆ ಒಂದೊಂದೇ ಸೀರೆ ಬಿಚ್ಚಿ ಸೆರಗು ಹರವಬೇಕು, ಅವರು ಒಲ್ಲೆ ಎಂದಾಗ ಬೇಸರಿಸದೆ ಮಡಚಬೇಕು. ಏಳುವಷ್ಟರಲ್ಲಿ ಕಾಲು ಜೋಮು ಹಿಡಿದಿರುತ್ತಿತ್ತು. ಸೀರೆ ಅಂಗಡಿಯವರಿಗೆ ಅದೊಂದು ಕಾಯಿಲೆಯಲ್ಲ. ಗೋಡೆ ಹಿಡಿದು ನಿಂತು, ಕಾಲು ಝಾಡಿಸಿ, ಚಹಾಕ್ಕೆ ಹೋಗುತ್ತಾರೆ. ಮಾಮಾನ ಅಪ್ಪನೂ ಹಾಗೇ ಝಾಡಿಸುತ್ತಿದ್ದರಂತೆ. ಶುಗರ್ ಬಂದಿದೆ, ಕಾಲಿನ ಮೇಲೆ ನಿಗಾ ಇರಲಿ ಎಂದು ಡಾಕ್ಟರು ಹೇಳಿದಾಗಲೂ ಮಾಮಾ ಗುಳಿಗೆ ಇಸಿದುಕೊಂಡರು, ಕಾಲಿನ ಮಾತನ್ನು ಗಾದಿಯ ಲೆಕ್ಕಕ್ಕೆ ಬರೆದರು.

ಹೋದ ಚಳಿಗಾಲದಲ್ಲಿ ಹೊರಡುವ ಮೊದಲೇ ಎಲ್ಲರೂ ದಣಿದಿದ್ದೆವು. ಮುತ್ತು ಪರೀಕ್ಷೆಯ ಪೇಪರು ತಿದ್ದಿ ಕಣ್ಣು ಕೆಂಪು ಮಾಡಿಕೊಂಡಿದ್ದ. ರಫೀಕನಿಗೆ ವಾರವಿಡೀ ಕಂಬದ ಮೇಲೇ ಸಂಸಾರ. ನನಗೆ ನನ್ನ ದನಿಯೇ ಸಾಕಾಗಿತ್ತು. ಅಮೀನಗಡದಲ್ಲಿ ಕೂಡಿ ಚಹಾ ಕುಡಿದೆವು. ಬೇಡವೆನ್ನಲು ಒಬ್ಬರಿಗೂ ಮನಸ್ಸಾಗದೆ ಹೊರಟಂತಿತ್ತು.

ಆ ದಿನ ನಾನು ಯಾರದೋ ಕ್ಯಾಮೆರಾ ಬೇಡಿ ತಂದು ಎದೆಗೆ ಕಟ್ಟಿಕೊಂಡಿದ್ದೆ. ಎಲ್ಲರ ಗಾಡಿಯನ್ನೂ ಹಿಂದಿನಿಂದ ಹಿಡಿಯಬೇಕು, ಐಹೊಳೆ ಬರುವತನಕ ನನ್ನನ್ನು ಹಿಂದೆ ಬಿಡಿ ಎಂದು ಮಾಮಾನನ್ನು ಕಾಡಿದೆ. ಅವರು ಒಪ್ಪಲಿಲ್ಲ, ಮತ್ತೆ ಕಾಡಿದೆ, ಕೊನೆಗೆ ವಾದಿಸುವ ಶಕ್ತಿಯಿಲ್ಲದೆ ಕೈಬೀಸಿ ಮುಂದೆ ಹೋದರು. ಕ್ಯಾಮೆರಾದಲ್ಲಿ ಚಾರ್ಜ್ ಇರಲಿಲ್ಲ ಎನ್ನುವುದು ನನಗೆ ಗೊತ್ತಾಗಿದ್ದು ಸಂಜೆ. ಹಾಗಾಗಿ ನಾನು ಕಂಡದ್ದು ನನ್ನ ಕಣ್ಣಲ್ಲಿ ಮಾತ್ರ ಉಳಿಯಿತು.

ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಹೋಗುತ್ತಿತ್ತು, ಹಿಂದೆ ಎರಡು ಟ್ರೇಲರ್. ಮುತ್ತು, ರಫೀಕ್ ಅದನ್ನು ದಾಟಿ ಹೋದರು. ಎದುರಿಗೆ ಬಸ್ಸು ಬಂತು, ಟ್ರ್ಯಾಕ್ಟರ್ ನಿಧಾನವಾಯಿತು. ಮಾಮಾ ಬಲಗಾಲನ್ನು ಬ್ರೇಕಿನ ಕಡೆ ಒಯ್ದರು. ಬೂಟು ಬ್ರೇಕಿನ ಪಕ್ಕ ಹೋಯಿತು. ಎತ್ತಿ ಮತ್ತೆ ಇಟ್ಟರು, ಬೂಟು ಅದರ ಕೆಳಗೆ ಹೋಯಿತು. ಆಗ ತಲೆ ಬಗ್ಗಿಸಿ, ಕಾಲನ್ನು ಕಣ್ಣಿನಿಂದ ನೋಡುತ್ತಾ, ಬೇರೆ ಯಾರದೋ ಸಾಮಾನನ್ನು ಇಡುವಂತೆ ಅದನ್ನು ಜಾಗಕ್ಕೆ ಇಡಲು ನೋಡಿದರು. ಅಷ್ಟು ಹೊತ್ತೂ ಗಾಡಿ ಓಡುತ್ತಲೇ ಇತ್ತು. ತಲೆ ಎತ್ತಿದಾಗ ಕಬ್ಬು ಎದುರಿಗೇ ಇತ್ತು. ಕೈಬ್ರೇಕು ಗಪ್ಪನೆ ಹಿಡಿದರು, ಗಾಡಿ ವಾಲಿತು, ಎರಡೂ ಬೂಟು ರಸ್ತೆಗೆ ಉಜ್ಜಿ ನಿಂತರು. ಕಬ್ಬಿನ ಗರಿ ಅವರ ಹೆಲ್ಮೆಟ್ಟನ್ನು ಸವರುತ್ತಿತ್ತು.

ನಾನು ಪಕ್ಕಕ್ಕೆ ಬಂದು ನಿಂತೆ. “ಟ್ರ್ಯಾಕ್ಟರ್‌ನವ ಹಿಂದಿನ ದೀಪಾನ ಹಚ್ಚಿಲ್ಲ ನೋಡು” ಎಂದರು. ಸೂರ್ಯ ನೆತ್ತಿಯ ಮೇಲಿದ್ದ.

ಪಟ್ಟದಕಲ್ಲಿನ ಆಚೆ ಹೊಳೆಯ ದಂಡೆಯಲ್ಲಿ ರಫೀಕನ ಗೆಳೆಯನ ಹೊಲ. ಅಲ್ಲಿಯೇ ಬಿಡಾರ. ಹಾಲು ತುಂಬಿದ ಜೋಳದ ತೆನೆಗಳನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಬಿಡಿಸಿ ಸೀತನಿ ಮಾಡುವುದು ಮಾಮಾನ ಹಕ್ಕು. ಬೇರೆಯವರು ಕೈ ಹಾಕುವಂತಿಲ್ಲ. ಹೊತ್ತು ಮುಳುಗುವಾಗ ಬೂಟು ಬಿಚ್ಚಿ, ಉಣ್ಣೆಯ ಸಾಕ್ಸಿನಲ್ಲಿ ಕೆಂಡದ ಹತ್ತಿರ ಕುಳಿತರು. ಕಾಳಿನ ಹೊಟ್ಟು ಊದುತ್ತಾ, ನಮಗೆ ಬೊಗಸೆ ಬೊಗಸೆ ಹಾಕುತ್ತಾ, ಶೇಂಗಾ ಚಟ್ನಿ ಮರೆತು ಬಂದ ಮುತ್ತುವನ್ನು ಬೈಯುತ್ತಿದ್ದರು.

ರಫೀಕ್ ಮೂಗೆಳೆದು ಏನೋ ಸುಟ್ಟ ವಾಸನೆ ಎಂದ. ಜೋಳವಲ್ಲ, ಕೂದಲು ಸುಟ್ಟಂಥ ವಾಸನೆ. ನಾವು ನೋಡುತ್ತೇವೆ, ಮಾಮಾನ ಬಲಗಾಲಿನ ಮೇಲೆ ಒಂದು ಕೆಂಡ ಕುಳಿತಿದೆ. ಸಾಕ್ಸು ಸುಟ್ಟು ತೂತಾಗಿದೆ. ಮಾಮಾ ತೆನೆ ತಿಕ್ಕುತ್ತಲೇ ಇದ್ದಾರೆ. ರಫೀಕ್ ಜಿಗಿದು ಕೆಂಡವನ್ನು ಕೈಯಿಂದಲೇ ಹೊಡೆದು ಹಾಕಿದ. ಕೆಳಗೆ ಚರ್ಮ ಬೆಳ್ಳಗಾಗಿತ್ತು, ಅಂಚಿನಲ್ಲಿ ಕಪ್ಪು. ಮಾಮಾ ಅದನ್ನು ಸ್ವಲ್ಪ ಹೊತ್ತು ನೋಡಿದರು.

“ಹೊಸಾ ಸಾಕ್ಸ್ ಇದ್ದುವು” ಎಂದರು.

ಮುತ್ತು ನೀರು ತಂದ. ನೋವಾಗಲಿಲ್ಲವೇ ಎಂದು ಕೇಳಿದ. ಗಾದಿಯ ಜೋಮು, ಥಂಡಿಗೆ ಜಾಸ್ತಿಯಾಗಿದೆ ಎಂದರು. ಆಗ ನಾನು ಟ್ರ್ಯಾಕ್ಟರಿನ ಸಂಗತಿ ಬಾಯಿಬಿಟ್ಟೆ. ಮಾಮಾಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಗಾಡಿ ನಂದು, ಕಾಲು ನಂದು. ನೀ ಹೇಳೂದ್ರಾಗ ಖರೆ ಎಷ್ಟು, ನಕಲಿ ಎಷ್ಟು, ಯಾರಿಗೆ ಗೊತ್ತು?” ಇಷ್ಟು ವರ್ಷ ಮಂದಿಯನ್ನು ಚಾಳಿಸಿ ನಗಿಸಿದವನ ಮಾತಿಗೆ ಸಾಕ್ಷಿ ಯಾರು? ಮುತ್ತು, ರಫೀಕ್ ಇನ್ನಷ್ಟು ಹೇಳಿನೋಡಿ ಸೋತರು. ಊಟದ ರುಚಿ ಹೋಗಿತ್ತು. ಎಲ್ಲರೂ ಬೇಗ ಮಲಗಿದೆವು. ಡೇರೆಯ ಝಿಪ್ಪು ಅರ್ಧಕ್ಕೆ ನಿಂತದ್ದನ್ನು ಯಾರೂ ಎಳೆಯಲು ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ನಾನು ಎಲ್ಲರ ನಕಲು ಮಾಡುವುದು ಪ್ರತಿ ಸಲದ ಪದ್ಧತಿ. ಮಾಮಾನೇ ಮಾತು ತೆಗೆದರು, ಹಿಂದಿನ ಸಂಜೆಯ ಬಿಸಿ ಆರಿಸಲೆಂದು. “ಏನಲೇ, ಇವತ್ತ ನಾಟಕ ಇಲ್ಲೇನು?” ಮುತ್ತು ಪಾಠ ಹೇಳುವುದನ್ನು ಮಾಡಿದೆ, ರಫೀಕ್ ಕಂಬದ ಮೇಲಿಂದ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುವುದನ್ನು ಮಾಡಿದೆ. ಸಣ್ಣಗೆ ನಕ್ಕರು. ಆಮೇಲೆ ಹೋಗಿ ಮಾಮಾನ ಗಾಡಿಯ ಮೇಲೆ ಕುಳಿತೆ. ಬೇರೆ ಹೇಗೆ ಹೇಳಬೇಕೋ ನನಗೆ ಬರುತ್ತಿರಲಿಲ್ಲ.

ಎದೆ ಉಬ್ಬಿಸಿ ಕುಳಿತು, ಬಲಗಾಲು ಒಯ್ದೆ, ಪಕ್ಕಕ್ಕೆ ಇಟ್ಟೆ, ಎತ್ತಿ ಕೆಳಗೆ ಇಟ್ಟೆ. ತಲೆ ಬಗ್ಗಿಸಿದೆ. ಕಂಡಷ್ಟನ್ನೇ ಮಾಡಿದೆ, ಒಂದು ಉಪ್ಪಿನ ಹರಳೂ ಹೆಚ್ಚು ಹಾಕಲಿಲ್ಲ. ಯಾರೂ ನಗಲಿಲ್ಲ. ಮುತ್ತು ನೆಲ ನೋಡುತ್ತಿದ್ದ. ಮಾಮಾ ಮಾತ್ರ ಚಹಾದ ಕಪ್ಪು ಹಿಡಿದು, ಸೀರೆಯ ನೇಯ್ಗೆ ಪರೀಕ್ಷಿಸುವಂತೆ ನನ್ನ ಕಾಲನ್ನೇ ನೋಡುತ್ತಿದ್ದರು.

“ಮತ್ತೊಮ್ಮಿ ಮಾಡು” ಎಂದರು.

ಮಾಡಿದೆ.

“ಅಷ್ಟ ಹೊತ್ತು ಕೆಳಗ ನೋಡ್ತೇನೇನ ನಾ?”

“ಹೂಂ ಮಾಮಾ.”

“ರಸ್ತಾ ನೋಡೂದಿಲ್ಲ?”

“ಇಲ್ರಿ.”

ಅವರು ಎದ್ದು ಹೊಳೆಗೆ ಹೋಗಿ ಕಪ್ಪು ತೊಳೆದರು. ಬಹಳ ಹೊತ್ತು ತೊಳೆದರು. ಬಂದು ತಮ್ಮ ಗಾಡಿಯ ಕೀಲಿಯನ್ನು ಮುತ್ತುವಿನ ಅಂಗೈಯಲ್ಲಿಟ್ಟರು. ಮುತ್ತುವಿನ ಗಾಡಿ ಹೊಲದ ಗುಡಿಸಲಿನಲ್ಲಿ ಉಳಿಯಿತು. ಮಾಮಾ ನನ್ನ ಹಿಂದೆ ಕುಳಿತರು. ನಾವು ನಾಲ್ವರೂ ಕೂಡಿ ಹೋದ ಕೊನೆಯ ತಿರುಗಾಟ ಅದು. ಹುನಗುಂದ ದಾಟಿದ ಮೇಲೆ ಅವರದು ಒಂದೇ ಮಾತು: “ಛಲೋ ಓಡಸ್ತೀಯಲೇ. ಇಷ್ಟ ದಿನ ಬೆನ್ನ ನೋಡಿ ದಡ್ಡ ಅನಕೊಂಡಿದ್ದೆ.” ಇಳಕಲ್ ಬರುವಷ್ಟರಲ್ಲಿ ಅವರ ಭಾರವೆಲ್ಲ ನನ್ನ ಬೆನ್ನಿಗೆ ಒರಗಿತ್ತು. ನಿದ್ದೆಯೋ, ಬರೀ ದಣಿವೋ, ನಾನು ಕೇಳಲಿಲ್ಲ.

ಗಾಡಿಯ ಸದ್ದು ಕೇಳಿ ಮಾಮಾನ ಹೆಂಡತಿ, ನಮ್ಮ ಅತ್ತಿ, ಬಾಗಿಲಿಗೆ ಬಂದರು. ಗಂಡನ ಗಾಡಿಯ ಮೇಲೆ ಮುತ್ತು, ನನ್ನ ಹಿಂದೆ ಗಂಡ. ಈ ಗಾಡಿ ಸಾಕು ಎಂದು ಅವರು ಎಷ್ಟು ದಿನದಿಂದ ಹೇಳುತ್ತಿದ್ದರೋ. ಈಗ ಕೆಳಗಿಳಿದು ಬಂದು ಗಂಡನ ಕೈಯಿಂದ ಹೆಲ್ಮೆಟ್ ಇಸಿದುಕೊಂಡರು.

ಮುತ್ತು ಗಾಡಿಯನ್ನು ಎಂದಿನಂತೆ ಪಡಸಾಲೆಗೆ ತಳ್ಳಲು ಹೋದ.

“ಒಳಗ ಹಚ್ಚಬ್ಯಾಡೋ ಮುತ್ತು. ನೀನ ಒಯ್ಯಿ” ಎಂದರು ಮಾಮಾ. “ಇಲ್ಲಿದ್ರ ದಿನಾ ನೋಡ್ಬೇಕಾಗ್ತದ.”

ಆಮೇಲೆ ಅತ್ತಿಯ ಹೆಗಲ ಮೇಲೆ ಕೈಯಿಟ್ಟು, ನಮ್ಮೆಲ್ಲರ ಎದುರಿಗೇ ತಲೆ ಬಗ್ಗಿಸಿ, ಕಾಲನ್ನು ನೋಡಿಕೊಳ್ಳುತ್ತಾ ಹೊಸ್ತಿಲು ದಾಟಿದರು.