ಬ್ರೇಕ್ ಮೇಲೆ ಅಕ್ಕನ ಕಾಲು

ಹೋದ ವಾರ ನಮ್ಮಕ್ಕ ಚಳ್ಳಕೆರೆಯ ಬಯಲಲ್ಲಿ ಡ್ರೈವಿಂಗ್ ಸ್ಕೂಲಿನ ಕಾರನ್ನು ಜಾಲಿ ಬೇಲಿಗೆ ನುಗ್ಗಿಸಿದಳು. ಯಾರಿಗೂ ಏನೂ ಆಗಲಿಲ್ಲ, ಗಾಬರಿಯಾಗಬೇಡಿ. (ಹಿಂದಿನ ಸೀಟಿನಲ್ಲಿದ್ದ ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು.)

ಐವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಬೇಕಿತ್ತು ಅಂತೀರಾ? ಭಾವನ ಕಣ್ಣು ಮಂಜಾಗಿದೆ. ಮೊಳಕಾಲ್ಮುರಿನಿಂದ ಇಲ್ಲಿಯ ಆಸ್ಪತ್ರೆಗೆ ಪದೇ ಪದೇ ಬರಬೇಕು. ಅವರ ಕಾರು ಮನೆ ಮುಂದೆ ಧೂಳು ತಿನ್ನುತ್ತಿದೆ. "ಅವರಿವರನ್ನ ಕಾಡೋದು ಸಾಕಾಗೈತೆ, ನಾನೇ ಓಡಿಸ್ತೀನಿ" ಅಂತ ಅಕ್ಕ ಹಟ ಹಿಡಿದು ನನ್ನ ಮನೆಯಲ್ಲಿ ಠಿಕಾಣಿ ಹೂಡಿದಳು.

ಮೊದಮೊದಲು ಕಾರು ಕಲಿಸುವ ಮೇಷ್ಟ್ರೇ ಬೆರಗಾದರು. ನಾನು ತಿಂಗಳುಗಟ್ಟಲೆ ಒದ್ದಾಡಿದ ಕ್ಲಚ್ಚು ಇವಳಿಗೆ ಬಂದ ದಿನವೇ ಒಲಿಯಿತು. ಒಂದು ಕಾಲು ಮೇಲೇಳುತ್ತಿದ್ದಂತೆ ಇನ್ನೊಂದು ಮೆತ್ತಗೆ ಕೆಳಗೆ. ಒಲಿಯದೆ ಏನು? ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಬೆಳೆದವಳು ಅಕ್ಕ. ಅವ್ವ ಮಗಳ ಪಾದದ ಮೇಲೆ ತನ್ನ ಪಾದ ಇಟ್ಟು ಕಲಿಸುತ್ತಿದ್ದಳು. ಆ ಲಾಳಿಯ ಸದ್ದು, ಅವ್ವನ ಗದರಿಕೆ... ಅಯ್ಯೋ, ಎಲ್ಲಿ ಹೋದವು ಆ ದಿನಗಳು!

ಅವ್ವ ಇನ್ನೊಂದನ್ನೂ ಕಲಿಸಿದ್ದಳು. "ಎಳೆ ಹರೀತಾ? ಮೊದ್ಲು ಎರಡೂ ಕಾಲು ಎತ್ತು. ಆಮೇಲೆ ಕೈ ಹಾಕು."

ಅವತ್ತು ಕಾರಿಗೆ ಮೇಕೆಯೊಂದು ಅಡ್ಡ ಬಂತು. "ಬ್ರೇಕ್!" ಅಂತ ಮೇಷ್ಟ್ರು ಕಿರುಚಿದರು. ಅಕ್ಕ ಎರಡೂ ಕಾಲು ಎತ್ತಿದಳು. ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮುಂದೆ ಚಾಚಿದಳು! ಮೇಕೆ ಪಾರಾಯಿತು. ಮೇಷ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತುವಷ್ಟರಲ್ಲಿ ಕಾರು ಬೇಲಿ ಸೇರಿತ್ತು.

"ಆ ಮಗ್ಗದ ಅಭ್ಯಾಸ ಮರೀಬೇಕು ಕಣಕ್ಕ" ಅಂದೆ ಮನೆಗೆ ಬಂದ ಮೇಲೆ. ಅಕ್ಕನ ಕಣ್ಣು ತುಂಬಿತು.

"ಅವ್ವ ಹೋದ್ಲು, ಮಗ್ಗಾನೂ ಹೋತು. ಅವ್ವಂದು ಅಂತ ಉಳಿದಿರೋದು ಇದೊಂದೇ. ಅದನ್ನೂ ಮರೀಲೇನೇ?"

ಕಲಿಯುವುದೆಂದರೆ ಇದ್ದುದಕ್ಕೆ ಸೇರಿಸಿಕೊಳ್ಳುತ್ತ ಹೋಗುವುದು ಅಂದುಕೊಂಡಿದ್ದೆ. ಕಳೆದುಕೊಳ್ಳುವುದೂ ಇರುತ್ತದಾ?

ಭಾವನ ಕಣ್ಣು ನೆನಪಾಯಿತೋ ಏನೋ, ಮರುದಿನ ಅಕ್ಕ ಮತ್ತೆ ಕಾರು ಹತ್ತಿದಳು. ಈ ಸಲ ಸೈಕಲ್ಲೊಂದು ಅಡ್ಡ ಬಂತು. ಅವಳ ಮೊಣಕಾಲು ಮೇಲೇಳಲು ಹೋಗಿದ್ದು ಹಿಂದಿನಿಂದಲೇ ಕಂಡಿತು. ಆದರೂ ಹಲ್ಲು ಕಚ್ಚಿ ಬ್ರೇಕ್ ತುಳಿದಳು. ಕಾರು ಗಕ್ಕನೆ ನಿಂತಿತು.

"ಶಭಾಷ್ ಅಕ್ಕೋರೇ!" ಅಂದರು ಮೇಷ್ಟ್ರು.

ಅಕ್ಕ ಬ್ರೇಕಿನಿಂದ ಕಾಲು ತೆಗೆಯದೆ ನನ್ನತ್ತ ತಿರುಗಿದಳು. "ಅವ್ವ ನೋಡಿದ್ರೆ ಬೈತಿದ್ಲು, ಅಲ್ವೇನೇ?"